ಕೋಲು ಹಿಡಿದವಳು

ದುರ್ಬೀನಿಗೆ ಕಣ್ಣಿಟ್ಟಿದ್ದ ಸರ್ವೆಯವರ ಕೈ ಇನ್ನೊಮ್ಮೆ ಎಡಕ್ಕೆ ಬೀಸಿತು. ಹೊಲದ ಈ ತುದಿಯಲ್ಲಿ ಕೆಂಪು ಬಿಳಿ ಪಟ್ಟೆಯ ಕೋಲು ಹಿಡಿದಿದ್ದ ಮುನಿಲಕ್ಷ್ಮಿ ಇನ್ನೊಂದು ಹೆಜ್ಜೆ ಎಡಕ್ಕೆ ಸರಿದಳು. ಮದರಾಸಿನ ಕಡೆಯ ಹೊಸ ಹೆದ್ದಾರಿಗೆ ಜಡಿಗೇನಹಳ್ಳಿಯ ಹೊಲಗಳಲ್ಲಿ ಗುರುತು ಹಾಕುತ್ತಿದ್ದರು. ಕೋಲು ಹಿಡಿಯುವ ಆಳು ಅವತ್ತು ಬಂದಿರಲಿಲ್ಲ. "ನಮ್ ಹುಡುಗೀನ ನಿಲ್ಸಿ ಸಾರ್. ಅಲ್ಲಾಡೋದೂ ಇಲ್ಲ, ಬಾಯ್ ಬಿಡೋದೂ ಇಲ್ಲ" ಎಂದು ಸರ್ವೆಯವರ ಜೊತೆ ಗೂಟ ಹೊಡೆಯುವ ಕೂಲಿಗಿದ್ದ ಅವಳ ಅಪ್ಪ ನಗುತ್ತಾ ಅವಳನ್ನು ಮುಂದಕ್ಕೆ ತಳ್ಳಿದ್ದ.

ಕೈ ಮತ್ತೆ ಬೀಸಿತು. ಅವಳ ಹಿಮ್ಮಡಿಗೆ ಕಲ್ಲು ತಗುಲಿತು. ಬಗ್ಗಿ ನೋಡಬೇಕಾಗಿರಲಿಲ್ಲ. ಯುಗಾದಿಗೆ ಮುಂಚೆ ಅವ್ವನನ್ನು ಮಣ್ಣು ಮಾಡಿದಾಗ ತಲೆಯ ಕಡೆ ನೆಟ್ಟ ಕಲ್ಲು ಅದು. ಬೇಡ ಎನ್ನಬೇಕು ಅನ್ನಿಸಿತು. ಆದರೆ ಅಷ್ಟು ದೂರಕ್ಕೆ ಕೇಳುವಂತೆ ಅವಳು ಯಾವತ್ತೂ ಕೂಗಿದವಳಲ್ಲ. ಸರ್ವೆಯವರ ಕೈ ಕೆಳಗಿಳಿಯಿತು. ಅಲ್ಲೇ ಸರಿ ಎಂದು ಅರ್ಥ. ಹೇಳಿಕೊಟ್ಟಿದ್ದ ಹಾಗೆ ಅವಳು ಕೋಲು ನೆಟ್ಟು ಅಲ್ಲಾಡದೆ ನಿಂತಳು.

ಅಪ್ಪ ಗೂಟ, ಸುತ್ತಿಗೆ ಹಿಡಿದು ಬದುವಿನ ಮೇಲೆ ಬಂದ. "ಭೇಷ್ ಕಣೆ! ಕಂಬ ನಿಂತಂಗೆ ನಿಂತವ್ಳೆ ಅಂದ್ರು ಸಾಹೇಬ್ರು. ಎಲ್ಲಿ, ಗುರುತು ತೋರ್ಸು."

ಅವಳು ಕೋಲು ಕಿತ್ತಳು. ಮೆತ್ತನೆಯ ಮಣ್ಣಿನಲ್ಲಿ ತೂತು ಉಳಿಯಿತು. ಅಪ್ಪ ತೂತು ನೋಡಿದ, ಕಲ್ಲು ನೋಡಿದ. ಸುತ್ತಿಗೆಯನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡ.

"ಒಂದ್ ಕೂಗು ಕೂಗ್ಬಾರ್ದಾಗಿತ್ತೇನೆ, ಮುನಿ?"

ಆಗ ಅವಳು ಗಂಟಲು ಹರಿಯುವಂತೆ ಕೂಗಿದಳು. "ಇಲ್ಲಿ ಬೇಡ ಸಾರ್!"

ಆಚೆ ಸರ್ವೆಯವರು ಬರೆದು ಮುಗಿಸಿ ಪುಸ್ತಕ ಮುಚ್ಚಿದರು. ಅವಳತ್ತ ತಲೆಯೆತ್ತಿ, ಮುಂದಿನ ಗುರುತಿಗೆ ನಡೆ ಎಂದು ಕೈ ಬೀಸಿದರು.