ಅತ್ತರು ಸುರಿದ ಚೀಲ

ಆಪರೇಷನ್ ಆದಮೇಲೆ ಹೊಟ್ಟೆಗೆ ಅಂಟಿಸಿದ್ದ ಮಲದ ಚೀಲದ ಮೇಲೆ ಮುದಿ ಅತ್ತರು ವ್ಯಾಪಾರಿ ಗುಲಾಬಿಯ ಸೀಸೆಯನ್ನೇ ಬಗ್ಗಿಸಿದನು. ನಾತ ಅಡಗಲಿಲ್ಲ, ಹೂವೇ ಕೊಳೆತು ಹುಳು ಬಿದ್ದಂತೆ ಇನ್ನಷ್ಟು ದಟ್ಟವಾಗಿ ಕೋಣೆಯನ್ನು ತುಂಬಿತು. ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ವುಜೂವಿಗೆಂದು ನೀರಿನ ಹೂಜಿ ತಂದ ಮಗಳು ಹೊಸ್ತಿಲಲ್ಲೇ ಓಕರಿಸಿ, ಸೆರಗನ್ನು ಮೂಗಿಗೆ ಒತ್ತಿಕೊಂಡಳು.

“ನೋಡು, ಸ್ವಂತ ಮಗಳಿಗೇ ಓಕರಿಕೆ. ಈ ಹೊಲಸು ಹೊತ್ತುಕೊಂಡು ಅಲ್ಲಾಹನ ಮುಂದೆ ಹೇಗಮ್ಮ ನಿಲ್ಲಲಿ? ಚಾಪೆ ಸುತ್ತಿಡು. ಇನ್ನು ನನಗೆ ನಮಾಜು ಬೇಡ,” ಎಂದು ಅವನು ಗೋಡೆಯ ಕಡೆ ಹೊರಳಿದನು.

“ತಡೆಯೋಕಾಗದ್ದಕ್ಕೆ ಮಾಫಿ ಇದೆ, ಪ್ರತಿ ಹೊತ್ತಿಗೂ ಹೊಸದಾಗಿ ವುಜೂ ಮಾಡಿದ್ರೆ ಸಾಕು ಅಂತ ಮೌಲವಿ ಸಾಹೇಬರು ಹೇಳಿಲ್ವಾ ಅಬ್ಬಾಜಿ?”

“ಬಾಗಿಲಾಚೆ ನಿಂತು ಹೇಳಿದ್ರು, ಅವರಿಗೇನು. ನೀನು ನಿಜ ಹೇಳು. ನಿನಗೆ ಅಸಹ್ಯ ಆಗಲ್ವಾ?”

ಈವರೆಗೆ ಇಲ್ಲವೆಂದೇ ಹೇಳುತ್ತ ಬಂದವಳು ಈ ಸಲ ಹೂಜಿಯನ್ನು ಕೆಳಗಿಟ್ಟಳು.

“ಆಗುತ್ತೆ. ದಿನಾ ಆಗುತ್ತೆ. ಚೀಲ ಬದಲಿಸಿ ಊಟಕ್ಕೆ ಕೂತ್ರೆ ತುತ್ತು ಗಂಟಲಲ್ಲಿ ಇಳಿಯಲ್ಲ. ಆದ್ರೂ ಬರ್ತೀನಲ್ಲ. ಅಲ್ಲಾಹನಿಗೆ ನನಗಿಂತ ಹೇಸಿಗೆ ಜಾಸ್ತಿಯಾ?”

ಮುದುಕ ಮೆಲ್ಲನೆ ಇತ್ತ ತಿರುಗಿ, ಮೂಗು ಮುಚ್ಚಿಕೊಂಡೇ ನಿಂತಿದ್ದ ಮಗಳ ಮುಂದೆ ವುಜೂವಿನ ನೀರಿಗೆ ಎರಡೂ ಅಂಗೈಗಳನ್ನು ಒಡ್ಡಿದನು.