ಕತ್ತಿಬಾಲದ ಮೀನಿಗೆ ಪದ

ಕಡಲಡಿಯ ಊರಿನಲ್ಲಿ ಜನರ ಕತ್ತಿನ ಕಿವಿರಿಗೆ ಕಟ್ಟಿದ ಪಾಚಿ ತಿನ್ನಲು ಹವಳದಿಬ್ಬದಿಂದ ಕತ್ತಿಬಾಲದ ನೀಲಿ ಮೀನು ಬರುತ್ತಿತ್ತು. ಪದ ಹಾಡುವಷ್ಟು ಹೊತ್ತು ಅದು ಸಾಧು. ಹಾಡು ನಿಂತರೆ ಬಾಲದ ಬುಡದ ಕತ್ತಿ ಬಿಚ್ಚುತ್ತದೆ.

ಗುಲಾಬಿ ಮಗಳ ತಲೆಯನ್ನು ಅಲುಗದಂತೆ ಗಟ್ಟಿಯಾಗಿ ಹಿಡಿದಳು. "ಹಂದ್ಬೇಡ ಮಗಾ."

"ಕಚ್ಗುಳಿ ಆತ್ತ್ ಅಮ್ಮ."

"ನಗಾಡುದೆಲ್ಲ ಆಮೇಲೆ," ಎಂದು ಹಾಡತೊಡಗಿದಳು.

ಮೀನು ಕತ್ತಿನ ನರದ ಬಳಿ ಮೇಯುತ್ತಿರುವಾಗ ಅವಳಿಗೆ ಮುಂದಿನ ಸಾಲು ಮರೆತೇಹೋಯಿತು. ಹಿಂದಿನ ಸಾಲನ್ನೇ ಎಳೆದಳು. ಸ್ವರ ಸೋಲುತ್ತಾ ಬಂತು. ಕತ್ತಿ ಅರ್ಧ ಬಿಚ್ಚಿತು.

ಆಗ ಒಳಗಿನಿಂದ ಅತ್ತೆ ಸಾಲು ಎತ್ತಿಕೊಂಡರು. ಜಗಳವಾಡಿ ನಾಗರಪಂಚಮಿಯಿಂದ ಸೊಸೆಯೊಡನೆ ಮಾತು ಬಿಟ್ಟಿದ್ದವರು. ಪದ ಮುಗಿಯುವಷ್ಟರಲ್ಲಿ ಮೀನು ಕತ್ತಿ ಮಡಚಿ ದೂರ ಸರಿದಿತ್ತು.

ಅತ್ತೆ ಹೊಸ್ತಿಲಿಗೆ ಬಂದು, ಸೊಸೆಯ ಮುಂದೆ ಕುಳಿತು ಕತ್ತು ವಾಲಿಸಿದರು.

"ನಂಗೂ ಪಾಚಿ ಕಟ್ಟಿತ್. ಹಾಡ್ತ್ಯಾ?"