ಎದುರ ಬಂದಾಕಿ

"ಗಂಡ ಸತ್ತಾಕಿ ಎದುರ ಬಂದ್ರ ಗಾಡಿ ಹೆಂಗ ಚಾಲೂ ಆಗ್ತೈತಿ? ಒಳಗ ನಡಿ!" ಎಂದು ಭಾವ ದೊಡ್ಡಬಸಪ್ಪ ಗದರಿದಾಗ ಶರಣಬಸಮ್ಮ ಪಡಸಾಲೆಯ ಕಿಟಕಿಗೆ ಸರಿದಳು.

ಹಳೇ ಅಂಬಾಸಿಡರ್ ಮನಸ್ಸು ಬಂದರೆ ಚಾಲೂ ಆಗುತ್ತಿತ್ತು, ಇಲ್ಲದಿದ್ದರೆ ಇಲ್ಲ. ಆಗದಿದ್ದಾಗೆಲ್ಲ ಬೈಗುಳ ಅವಳಿಗೆ. ಬ್ಯಾಟರಿಯ ಅರ್ತ್ ವೈರಿನ ನಟ್ಟು ಸಡಿಲ, ಅದು ಅಲುಗಿದರೆ ಗಾಡಿಗೆ ಕರೆಂಟೇ ಹೋಗದು ಎಂದು ಅವಳಿಗೆ ಗೊತ್ತಿತ್ತು. ಆ ಗಾಡಿ ಓಡಿಸುತ್ತಿದ್ದ ಗಂಡನೇ ತೋರಿಸಿಕೊಟ್ಟಿದ್ದ. ಇಂದು ಬೆಳಿಗ್ಗೆ ಅವಳು ಅದನ್ನು ಪೂರ್ತಿ ಬಿಚ್ಚಿಟ್ಟಿದ್ದಳು.

ಕಾರಟಗಿಯಿಂದ ಬಂದ ಬೀಗರು ಅಂಗಳದಲ್ಲಿ ನಿಂತು ನೋಡುತ್ತಿದ್ದರು. ಶಕುನ ಸರಿಯಾಗಲೆಂದು ದೊಡ್ಡಬಸಪ್ಪನ ಹೆಂಡತಿಯೇ ಹಣೆತುಂಬ ಕುಂಕುಮವಿಟ್ಟು, ತುಂಬಿದ ಕೊಡ ಹೊತ್ತು ಗಾಡಿಗೆ ಎದುರಾಗಿ ನಡೆದು ಬಂದಳು. ಅವನು ಕೀಲಿ ತಿರುವಿದ. ಗಾಡಿ ಟಕ್ ಎಂದು ಕೂಡ ಅನ್ನಲಿಲ್ಲ.

ಸೆರಗಿನ ಗಂಟಿನಲ್ಲಿದ್ದ ನಟ್ಟನ್ನು ಹೊರಳಿಸುತ್ತ ಶರಣಬಸಮ್ಮ ಬೀಗರಿಗೂ ಕೇಳುವಂತೆ ಕಿಟಕಿಯಿಂದ ಕೂಗಿದಳು: "ಭಾವಾರ, ಈಗ ಎದುರ ಬಂದಾಕಿ ಯಾರ್ರಿ?"